ಮದ್ದು ಒಬ್ಬನಿಗೆ, ರೋಗ ಇಬ್ಬರಿಗೆ

ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯುತ್ತೇವೆಂದು ಸಂಘದ ಕೋಣೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಮುಖ ಸಿಂಡರಿಸಿದರು. “ಛೇ, ನಮ್ಮ ಪತ್ರಿಕೆ ಊರಿಗೆ ಹೋಗುತ್ತದೆ, ಮನೆಯ ಹೆಂಗಸರು ಓದುತ್ತಾರೆ. ಇಂಥದೆಲ್ಲ ಬೇಡಪ್ಪ” ಎಂದರು. ಅವರ ಮೇಲೆ ನಮಗೆ ಗೌರವವಿದೆ. ರಾತ್ರಿಶಾಲೆಯ ಕಾಲದಿಂದಲೂ ಸಂಘಕ್ಕೆ ದುಡಿದವರು. ಆದರೆ ಊರಿನ ಮನೆಗೆ ಹೋಗುವುದು ಪತ್ರಿಕೆಯೊಂದೇ ಅಲ್ಲ. ನಮ್ಮವರು ರಜೆಯಲ್ಲಿ ಊರಿಗೆ ಹೋಗುವಾಗ ಸೀರೆಯನ್ನೂ ಮಿಠಾಯಿಯ ಪೊಟ್ಟಣವನ್ನೂ ಒಯ್ಯುವಂತೆ ರೋಗವನ್ನೂ ಒಯ್ಯುತ್ತಿದ್ದಾರೆ. ಹೆಂಗಸರು ಓದುತ್ತಾರೆ ಎಂಬ ಕಾರಣಕ್ಕಾಗಿಯೇ ಇದನ್ನು ಬರೆಯಬೇಕಾಗಿದೆ.

ಮಾತನ್ನು ಸುತ್ತಿ ಬಳಸದೆ ಹೇಳುತ್ತೇವೆ. ಮೂತ್ರ ಮಾಡುವಾಗ ಉರಿ, ಬೆಳಿಗ್ಗೆ ಎದ್ದಾಗ ತುದಿಯಲ್ಲಿ ಬಿಳಿಯದೋ ಹಳದಿಯದೋ ಒಂದು ಹನಿ ಕೀವು, ಚಡ್ಡಿಯಲ್ಲಿ ಕಲೆ. ವೈದ್ಯರು ಇದನ್ನು ಮೂತ್ರನಾಳದ ಉರಿಯೂತ ಎನ್ನುತ್ತಾರೆ. ನಮ್ಮ ಹೋಟೆಲು ಹುಡುಗರು ‘ಉಷ್ಣ’ ಎನ್ನುತ್ತಾರೆ. ಭಟ್ಟಿಯ ಮುಂದೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಲ್ಲುವವನಿಗೆ ಉಷ್ಣವೆಂಬ ಮಾತು ಬೇಗ ನಂಬಿಕೆಯಾಗುತ್ತದೆ, ಮತ್ತು ಅದರಲ್ಲಿ ಸ್ವಲ್ಪ ನಿಜವೂ ಉಂಟು. ಬೆವರು ಸುರಿಸಿ, ನೀರು ಕುಡಿಯಲೂ ಬಿಡುವಿಲ್ಲದೆ ದುಡಿದರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ; ಎಳನೀರೋ ಬಾರ್ಲಿ ನೀರೋ ಕುಡಿದರೆ ಇಳಿಯುತ್ತದೆ. ಆದರೆ ಬಂಧುಗಳೇ, ಉಷ್ಣದಿಂದ ಕೀವು ಬರುವುದಿಲ್ಲ. ಕೀವು ಕಂಡಿತೆಂದರೆ ಬಹುಮಟ್ಟಿಗೆ ರೋಗಾಣು ಒಳಸೇರಿದೆಯೆಂದೇ ಅರ್ಥ. ಅದು ದೇಹಸಂಪರ್ಕದಿಂದ ಬಂದಿರುವುದೇ ಹೆಚ್ಚು. ಕೊತ್ತಂಬರಿ ಕಷಾಯಕ್ಕೆ ಅದು ಹೆದರುವುದಿಲ್ಲ.

ಈಚೆಗೆ ಒಬ್ಬ ನಮ್ಮ ಕಚೇರಿಗೆ ಬಂದ. ಕುಂದಾಪುರದ ಕಡೆಯವನು, ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ಕೆಲಸ. ಮದುವೆಯಾಗಿ ನಾಲ್ಕು ವರ್ಷ, ಹೆಂಡತಿ ಊರಿನಲ್ಲಿ. ಉಳಿದವರೆಲ್ಲ ಎದ್ದುಹೋಗುವ ತನಕ ಕುಳಿತಿದ್ದು, ಬಾಗಿಲು ಹಾಕಿಕೊಂಡು, “ಮಾರಾಯ್ರೆ, ಮೂರನೆಯ ಸಲ ಬಂತು” ಎಂದ. ಮೊದಲ ಸಲ ಔಷಧದ ಅಂಗಡಿಯವನಿಂದ ಮೂರು ಗುಳಿಗೆ ತಂದು ನುಂಗಿದ, ಎರಡು ದಿನದಲ್ಲಿ ಕೀವು ನಿಂತಿತು, ಮರೆತ. ಎರಡನೆಯ ಸಲ ರೈಲ್ವೆ ನಿಲ್ದಾಣದ ಗೋಡೆಯ ಮೇಲೆ ಹೆಸರು ಬರೆಸಿಕೊಂಡ ಒಬ್ಬ ‘ಗುಪ್ತರೋಗ ತಜ್ಞ’ನ ಬಳಿ ಹೋದ, ಅವನು ಒಂದು ಇಂಜೆಕ್ಷನ್ನು, ಎರಡು ಬಾಟಲಿ ಲೇಹ್ಯ ಕೊಟ್ಟು ಅರ್ಧ ತಿಂಗಳ ಸಂಬಳ ಕಿತ್ತುಕೊಂಡ. ಆ ಮೇಲೆ ಆತ ದೀಪಾವಳಿಗೆ ಊರಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದ. ಬಂದ ಎರಡನೆಯ ವಾರದಲ್ಲಿ ಮತ್ತೆ ಉರಿ, ಮತ್ತೆ ಕೀವು. ಈ ನಡುವೆ ತಾನು ಬೇರೆ ಎಲ್ಲಿಗೂ ಹೋಗಿಲ್ಲವೆಂದು ಧರ್ಮಸ್ಥಳದ ಮೇಲೆ ಆಣೆಯಿಟ್ಟ. ಆದುದರಿಂದ ಆತ ಕಂಡುಕೊಂಡ ತೀರ್ಪು ಏನೆಂದರೆ, ಹೆಂಡತಿ ಸರಿಯಿಲ್ಲ. ಅವಳನ್ನು ತವರಿಗೆ ಕಳಿಸಿಬಿಡೆಂದು ತಮ್ಮನಿಗೆ ಫೋನು ಮಾಡುವವನಿದ್ದ. ಅದಕ್ಕೆ ಮುಂಚೆ ನಮ್ಮನ್ನೊಂದು ಮಾತು ಕೇಳೋಣವೆಂದು ಬಂದದ್ದು ಪುಣ್ಯ.

ನಾವು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ಮೊದಲ ಸಲ ರೋಗ ಬಂದಾಗ ನೀನು ಮೂರು ಗುಳಿಗೆ ನುಂಗಿದೆಯಲ್ಲ, ಆ ವರ್ಷ ಊರಿಗೆ ಹೋಗಿದ್ದೆಯೋ? ಹೋಗಿದ್ದ. ಹಾಗಾದರೆ ಅವಳಿಗೆ ಯಾರು ಮದ್ದು ಕೊಟ್ಟರು? ಆತ ಉತ್ತರ ಹೇಳಲಿಲ್ಲ. ಉತ್ತರ ಇರಲಿಲ್ಲ. ಅವಳಿಗೆ ರೋಗವಿದೆಯೆಂದು ಅವಳಿಗೇ ಗೊತ್ತಿರಲಿಕ್ಕಿಲ್ಲ, ಇವನು ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ವೈದ್ಯಶಾಸ್ತ್ರವನ್ನು ಹೇಳಲೇಬೇಕು, ಏಕೆಂದರೆ ನಮ್ಮವರ ಸಂಸಾರಗಳು ಮುರಿಯುತ್ತಿರುವುದು ಇದನ್ನು ತಿಳಿಯದ್ದರಿಂದ. ಮೂತ್ರನಾಳಕ್ಕೆ ಕೀವು ತರುವ ರೋಗಾಣು ಒಂದೇ ಅಲ್ಲ. ಗೊನೋರಿಯಾದ ರೋಗಾಣುವನ್ನು ಜರ್ಮನಿಯ ನೈಸರ್ ಎಂಬ ವೈದ್ಯ 1879ರಲ್ಲಿ ಕಂಡುಹಿಡಿದ; ಅದು ಗಂಡಸಿನಲ್ಲಿ ಸಾಮಾನ್ಯವಾಗಿ 2ರಿಂದ 5 ದಿನಗಳಲ್ಲಿ ಗಟ್ಟಿ ಕೀವಾಗಿ ತೋರಿಸಿಕೊಳ್ಳುತ್ತದೆ. ಕ್ಲಮೀಡಿಯಾ ಎಂಬುದು ಹೆಚ್ಚು ಕಳ್ಳ. ತೋರಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕು, ಕೀವೂ ತೆಳು. ಮೈಕೋಪ್ಲಾಸ್ಮ ಜೆನಿಟೇಲಿಯಂ ಎಂಬ ಮತ್ತೊಂದು ರೋಗಾಣುವಿನ ಸುದ್ದಿ ವೈದ್ಯಲೋಕಕ್ಕೆ ಗೊತ್ತಾದದ್ದೇ 1981ರಲ್ಲಿ, ಲಂಡನ್ನಿನ ಇಬ್ಬರು ರೋಗಿಗಳಿಂದ. ಅದಕ್ಕೆ ಜೀವಕೋಶದ ಗೋಡೆಯೇ ಇಲ್ಲ. ಆದ್ದರಿಂದ ಗೋಡೆಯನ್ನು ಒಡೆದು ಕೊಲ್ಲುವ ಪೆನಿಸಿಲಿನ್ ಜಾತಿಯ ಮದ್ದುಗಳು ಅದರ ಮೇಲೆ ನಡೆಯುವುದಿಲ್ಲ. ಟ್ರೈಕೊಮೊನಾಸ್ ಎಂಬುದು ಇನ್ನೊಂದು. ಒಂದಕ್ಕೆ ಕೊಟ್ಟ ಗುಳಿಗೆ ಮತ್ತೊಂದನ್ನು ಮುಟ್ಟದೆ ಇರಬಹುದು. ಒಬ್ಬನಲ್ಲೇ ಎರಡು ಸೇರಿರುವುದೂ ಉಂಟು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕ್ಲಮೀಡಿಯಾ ಹತ್ತಿದ ಹೆಂಗಸರಲ್ಲಿ ಬಹುಪಾಲಿನವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಉರಿಯಿಲ್ಲ, ನೋವಿಲ್ಲ. ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಗಂಡಸರಲ್ಲಿಯೂ ಅನೇಕರಿಗೆ ಕಾಣಿಸುವುದಿಲ್ಲ. ಹೀಗಿರುವಲ್ಲಿ, ಉರಿ ಶುರುವಾದ ತಾರೀಖನ್ನು ಹಿಡಿದು ‘ಇವಳಿಂದ ಬಂತು, ಆಗ ಬಂತು’ ಎಂದು ಲೆಕ್ಕ ಹಾಕುವುದು ಯಾವ ನ್ಯಾಯ? ಗಂಡ ಒಬ್ಬನೇ ಮದ್ದು ನುಂಗಿ ಗುಣವಾಗುತ್ತಾನೆ, ಊರಿಗೆ ಹೋಗುತ್ತಾನೆ, ತಾನೇ ಹಿಂದಿನ ಸಲ ಕೊಟ್ಟು ಬಂದದ್ದನ್ನು ತಿರುಗಿ ತರುತ್ತಾನೆ. ಕೊಟ್ಟ ಸಾಲ ಬಡ್ಡಿ ಸಮೇತ ಬಂದಾಗ ಸಾಲಗಾರನನ್ನೇ ಕಳ್ಳನೆನ್ನುವ ಸಾಹುಕಾರನ ಹಾಗೆ ಹೆಂಡತಿಯ ಮೇಲೆ ಹರಿಹಾಯುತ್ತಾನೆ.

ಹಾಗೆಂದು, ಮರಳಿ ಬಂದ ಉರಿಗೆಲ್ಲ ಇದೊಂದೇ ಕಾರಣವೆಂದೂ ನಾವು ಹೇಳುವುದಿಲ್ಲ. ಗೊನೋರಿಯಾ ಅಲ್ಲದ ಉರಿಯೂತದಲ್ಲಿ, ಸರಿಯಾಗಿ ಮದ್ದು ಮಾಡಿದ ಮೇಲೂ ಸುಮಾರು ಐದಾರು ಜನರಲ್ಲಿ ಒಬ್ಬನಿಗೆ ಅದು ಪೂರ್ತಿ ಬಿಡದೆ ಇರುವುದೋ ಮರಳಿ ಬರುವುದೋ ಉಂಟು. ಕೆಲವು ಸಲ ರೋಗಾಣು ಮದ್ದಿಗೆ ಬಗ್ಗದೆ ಉಳಿಯುತ್ತದೆ. ಕೆಲವು ಸಲ ಎಷ್ಟು ಪರೀಕ್ಷೆ ಮಾಡಿದರೂ ರೋಗಾಣುವೇ ಸಿಗುವುದಿಲ್ಲ. ಇನ್ನು ಕೆಲವರಿಗೆ ರೋಗಾಣು ಸತ್ತುಹೋದ ಮೇಲೂ ನಾಳದ ಒಳಮೈ ಕೆಲವು ವಾರ ಉರಿಯುತ್ತಿರುತ್ತದೆ. ಅಷ್ಟಕ್ಕೇ ಹೆದರಿ ದಿನಕ್ಕೆ ನಾಲ್ಕು ಸಲ ಸಂಡಾಸಿನಲ್ಲಿ ನಿಂತು ಹಿಂಡಿ ಹಿಂಡಿ ನೋಡುತ್ತಾರೆ. ಹಾಗೆ ಹಿಂಡುವುದರಿಂದಲೇ ಮತ್ತೆ ಉರಿ, ಮತ್ತೆ ಹನಿ! ಅಂಥವನಿಗೆ ಬೇಕಾದದ್ದು ಒಂದು ಸರಿಯಾದ ಪರೀಕ್ಷೆ ಮತ್ತು ಕೈ ಸುಮ್ಮನಿಟ್ಟುಕೊಳ್ಳುವ ಬುದ್ಧಿ. ಆತ ಓಡುವುದು ಮತ್ತೆ ಔಷಧದ ಅಂಗಡಿಗೆ. ಮರಳಿ ಬಂದ ಉರಿಯನ್ನು ಸಾಕ್ಷಿಯಾಗಿ ಹಿಡಿದು ಗಂಡ ಹೆಂಡತಿಯ ನಡತೆಯನ್ನಾಗಲಿ, ಹೆಂಡತಿ ಗಂಡನ ನಡತೆಯನ್ನಾಗಲಿ ತೀರ್ಮಾನ ಮಾಡಲು ಬರುವುದಿಲ್ಲ.

ಈಗ ಆ ಗೋಡೆಬರಹದ ತಜ್ಞರ ಮಾತು. ಗುಪ್ತರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಹಾಕುವುದನ್ನು ನಮ್ಮ ದೇಶದ ಕಾನೂನು 1954ರಲ್ಲಿಯೇ ನಿಷೇಧಿಸಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ಎಂದು ಅದರ ಹೆಸರು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸಜೆಯೂ ಆಗಬಹುದು. ಕಾಯಿದೆ ಬಂದು 70 ವರ್ಷ ದಾಟಿತು. ಗೋಡೆಗಳು ಹಾಗೆಯೇ ಇವೆ; ಬರಹ ಮಾತ್ರ ಹೊಸ ಬಣ್ಣದಲ್ಲಿ, ಈಗ ಮೊಬೈಲಿನ ಪರದೆಯ ಮೇಲೂ ಬಂದಿದೆ. ಈ ಅಳಲೆಕಾಯಿ ಪಂಡಿತರು ಬದುಕುವುದು ನಮ್ಮ ನಾಚಿಕೆಯ ಮೇಲೆ. ಕೀವನ್ನು ‘ಧಾತು ಹೋಗುವುದು’ ಎನ್ನುತ್ತಾರೆ, ಹುಡುಗನ ಜೀವವೇ ಸೋರಿಹೋಗುತ್ತಿದೆಯೆಂದು ಹೆದರಿಸುತ್ತಾರೆ. ಪರೀಕ್ಷೆ ಮಾಡಿಸುವುದಿಲ್ಲ, ಚೀಟಿ ಬರೆದುಕೊಡುವುದಿಲ್ಲ, ಯಾವ ಇಂಜೆಕ್ಷನ್ನು ಚುಚ್ಚಿದೆನೆಂದು ಹೇಳುವುದಿಲ್ಲ. ‘ಮನೆಯವಳನ್ನೂ ಕರೆದುಕೊಂಡು ಬಾ’ ಎಂದು ಇವರಲ್ಲಿ ಒಬ್ಬನಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಹೇಳಿದರೆ ಗಿರಾಕಿ ಮುಂದಿನ ದೀಪಾವಳಿಗೆ ಮರಳಿ ಬರುವುದಿಲ್ಲವಲ್ಲ!

ಚೀಟಿಯಿಲ್ಲದೆ ಗುಳಿಗೆ ಕೊಡುವ ಅಂಗಡಿಯವನೂ ಸಾಧುವಲ್ಲ. ಆದರೆ ಅವನ ಮುಂದೆ ಕೈ ಒಡ್ಡುವವರು ನಾವು. ಏಳು ದಿನದ ಮದ್ದನ್ನು ಎರಡು ದಿನ ನುಂಗಿ ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಪಕ್ಕದ ಹಾಸಿಗೆಯವನಿಗೆ ದಾನ ಮಾಡುವವರೂ ನಾವೇ. ಅರ್ಧ ಪೆಟ್ಟು ತಿಂದ ರೋಗಾಣುಗಳಲ್ಲಿ ಬಲಿಷ್ಠವಾದವು ಉಳಿದುಕೊಳ್ಳುತ್ತವೆ. ಗೊನೋರಿಯಾಕ್ಕೆ 1943ರಲ್ಲಿ ಪೆನಿಸಿಲಿನ್ ಬಂದಾಗ ಇನ್ನು ಈ ರೋಗದ ಕಥೆ ಮುಗಿಯಿತೆಂದರು; 1976ರ ಹೊತ್ತಿಗೆ ಪೆನಿಸಿಲಿನ್ನನ್ನೇ ಮುರಿದು ಹಾಕುವ ರೋಗಾಣು ಕಾಣಿಸಿಕೊಂಡಿತು. ಆಮೇಲೆ ಬಂದ ಮದ್ದುಗಳೂ ಒಂದೊಂದಾಗಿ ಸವೆದುಹೋಗಿವೆ. ಒಂದೇ ಸಲ ನುಂಗುವ ಅಜಿತ್ರೊಮೈಸಿನ್ ಗುಳಿಗೆಯನ್ನು ಎಲ್ಲ ಉರಿಗೂ ರಾಮಬಾಣವೆಂದು ತಿಳಿದಿರುವವರು ನಮ್ಮಲ್ಲಿ ಬಹಳ. ಮೈಕೋಪ್ಲಾಸ್ಮ ಅದಕ್ಕೆ ಬಗ್ಗದಿರುವುದು ಹೆಚ್ಚುತ್ತಿದೆ. ಗೊನೋರಿಯಾ ಅಲ್ಲದ ಉರಿಯೂತಕ್ಕೆ ಏಳು ದಿನದ ಡಾಕ್ಸಿಸೈಕ್ಲಿನ್ನೇ ಮೇಲೆಂದು ಅಮೆರಿಕದ ಸರಕಾರಿ ವೈದ್ಯರು 2021ರಲ್ಲಿ ಹೇಳಿದರು. ಇದನ್ನು ಓದಿ ಯಾರೂ ಅಂಗಡಿಗೆ ಹೋಗಿ ಹೆಸರು ಹೇಳಿ ಕೊಂಡುಕೊಳ್ಳಬೇಡಿ. ಅದೇ ಗುಳಿಗೆಯ ಅರ್ಧವನ್ನು ಊರಿಗೆ ಪಾರ್ಸೆಲು ಮಾಡುವ ಬುದ್ಧಿವಂತರೂ ಇದ್ದಾರೆ. ಬಸುರಿಗೆ ಆ ಮದ್ದು ಕೊಡುವಂತಿಲ್ಲ. ಅವಳನ್ನು ವೈದ್ಯರೇ ನೋಡಬೇಕು.

ಅವಳ ಮಾತಿಗೆ ಬರೋಣ, ಏಕೆಂದರೆ ಈ ವ್ಯಾಪಾರದಲ್ಲಿ ಬಹುಪಾಲು ನಷ್ಟ ಅವಳದು. ಗಂಡಸಿಗೆ ಉರಿ, ಕೀವು, ಕೆಲವರಿಗೆ ವೃಷಣದ ಬಾವು. ಹೆಂಗಸಿನಲ್ಲಿ ಅದೇ ರೋಗ ಸದ್ದಿಲ್ಲದೆ ಗರ್ಭಕೋಶಕ್ಕೆ ಏರಿ, ಅಲ್ಲಿಂದ ಗರ್ಭನಾಳಕ್ಕೆ ಏರಿ, ನಾಳವನ್ನು ಮುಚ್ಚಿಬಿಡಬಹುದು. ಆಗ ಗರ್ಭ ನಿಲ್ಲುವುದಿಲ್ಲ. ನಿಂತರೂ ಕೋಶದ ಹೊರಗೆ, ನಾಳದಲ್ಲಿಯೇ ನಿಂತು ಪ್ರಾಣಕ್ಕೆ ಬರುವುದುಂಟು. ಊರಿನಲ್ಲಿ ಅವಳಿಗೆ ಬಂಜೆಯೆಂಬ ಹೆಸರು. ನಾಗಪ್ರತಿಷ್ಠೆ ಮಾಡಿಸುತ್ತಾರೆ, ಹರಕೆ ಹೊರಿಸುತ್ತಾರೆ, ಅತ್ತೆ ನಾದಿನಿಯರು ಮಾತಿನಲ್ಲಿ ತಿವಿಯುತ್ತಾರೆ. ಮುಂಬಯಿಯಲ್ಲಿ ಇರುವ ಮಗನ ಮೂತ್ರವನ್ನು ಪರೀಕ್ಷೆ ಮಾಡಿಸೋಣವೆಂದು ಯಾವ ಮನೆಯಲ್ಲಾದರೂ ಹೇಳಿದ್ದಾರೆಯೆ? ಹೆರಿಗೆಯಲ್ಲಿ ಈ ರೋಗಾಣು ಮಗುವಿನ ಕಣ್ಣಿಗೆ ಹತ್ತಿ ಕುರುಡಾಗಿಸುತ್ತಿತ್ತೆಂದೇ 1880ರ ಸುಮಾರಿಗೆ ಲೈಪ್‌ಜಿಗ್‌ನ ಕ್ರೇಡೆ ಎಂಬ ವೈದ್ಯ ಹುಟ್ಟಿದ ಮಕ್ಕಳ ಕಣ್ಣಿಗೆ ಬೆಳ್ಳಿಯ ಲವಣದ ಹನಿ ಬಿಡುವ ಪದ್ಧತಿ ತಂದ. ಆತ ಮಕ್ಕಳ ಕಣ್ಣನ್ನು ಉಳಿಸಿದ. ತಂದೆ ತಾಯಿಗೆ ಮದ್ದು ಮಾಡುವುದು ನಮ್ಮ ಕೈಯಲ್ಲಿರುವ ಕೆಲಸ. ಇನ್ನೊಂದು ಮಾತು, ಗಂಡಸರು ಮರೆಯದಿರಲಿ: ಹಿಂದೂ ವಿವಾಹ ಕಾಯಿದೆ 1955ರಿಂದಲೂ, ಅಂಟುವಂಥ ಲೈಂಗಿಕ ರೋಗ ಇಬ್ಬರಲ್ಲಿ ಒಬ್ಬರಿಗಿದ್ದರೆ ಅದನ್ನು ಬೇರ್ಪಡೆಗೆ ಒಂದು ಕಾರಣವೆಂದು ಎಣಿಸುತ್ತದೆ. ತವರಿಗೆ ಕಳಿಸುತ್ತೇನೆಂದು ಹಾರಾಡುವವನು ಕೋರ್ಟಿನಲ್ಲಿ ಯಾವ ಕಡೆ ನಿಲ್ಲಬೇಕಾದೀತೆಂದು ಯೋಚಿಸಲಿ.

ಹೆಂಡತಿಯನ್ನು ಬೈಯದವರು ‘ಆ ಹೆಂಗಸರ’ನ್ನು ಬೈಯುತ್ತಾರೆ. ಕಾಮಾಟಿಪುರದ ಓಣಿಗಳಲ್ಲಿ ಕನ್ನಡ ಕೇಳಿದವರು ನಮ್ಮಲ್ಲಿ ಇಲ್ಲವೆ? ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ, ಬಡತನದ ಹೆಸರಿನಲ್ಲಿ ಇಲ್ಲಿಗೆ ತಂದುಬಿಟ್ಟ ಹೆಣ್ಣುಮಕ್ಕಳು ಅವರು. ಮುತ್ತು ಕಟ್ಟುವುದನ್ನು ಕರ್ನಾಟಕ ಸರಕಾರ 1982ರ ಕಾಯಿದೆಯಿಂದ ನಿಷೇಧಿಸಿತು. ಅದಕ್ಕೆ ಮೊದಲು ಬಂದವರಿಗೆ ಕಾಯಿದೆಯಿಂದ ಏನಾಯಿತು? ಅವರಿಗೆ ರೋಗ ಗಾಳಿಯಿಂದ ಬರಲಿಲ್ಲ. ಗಿರಾಕಿಯಿಂದ ಬಂತು. ಆ ಗಿರಾಕಿ ನಿರೋಧ್ ಬೇಡವೆಂದು ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟವನು. ಹೋಟೆಲಿನ ಅಟ್ಟದ ಮೇಲೆ ಸಾಲಾಗಿ ಮಲಗುವ ಹುಡುಗರಲ್ಲಿ ಹೆಂಗಸಿನ ಮುಖವನ್ನೇ ಕಾಣದವರಿಗೂ ಈ ರೋಗ ಬಂದದ್ದುಂಟು. ಹಿರಿಯ ಕೆಲಸಗಾರರು ಅದಕ್ಕೆ ಕಾರಣ ಬಲ್ಲರು, ಬಾಯಿ ಬಿಡುವುದಿಲ್ಲ. ಅಂಥ ಹುಡುಗನನ್ನು ಗದರಿಸುವುದಕ್ಕೆ ಮುಂಚೆ ಅವನನ್ನು ಮುಟ್ಟಿದವರಾರೆಂದು ಕೇಳಬೇಕು, ಕೇಳಿ ಸುಮ್ಮನಿರಬಾರದು.

ಮೂಲದಲ್ಲಿ ಇದು ಕೂಲಿಯ ಪ್ರಶ್ನೆಯೂ ಹೌದು. ಪರೇಲು ಲಾಲ್‌ಬಾಗಿನ ಚಾಳುಗಳಲ್ಲಿ ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗಿ ಎದ್ದ ಗಿರಣಿಯವರ ಹೆಂಡಿರೂ ಊರಿನಲ್ಲಿಯೇ ಇದ್ದರು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಹೆಂಡತಿ ಊರಿನಲ್ಲಿ, ಗಂಡ ಅಟ್ಟದ ಮೇಲೆ ಎಂಬ ವ್ಯವಸ್ಥೆ ಮುಚ್ಚಲಿಲ್ಲ. ಸಂಸಾರ ಹೂಡುವಷ್ಟು ಕೂಲಿ ಕೊಡದ ಧಣಿ ಹುಡುಗರ ನಡತೆಯ ಮೇಲೆ ಉಪನ್ಯಾಸ ಕೊಡುವುದನ್ನು ನಾವು ಕೇಳಲಾರೆವು. ಆದರೆ ಇದನ್ನೇ ನೆಪ ಮಾಡಿಕೊಂಡು, ಕೂಲಿ ಹೆಚ್ಚುವ ತನಕ ಹೆಂಡತಿಗೆ ಹೇಳದೆ ಇರುತ್ತೇನೆ ಎಂದರೆ ಅದನ್ನೂ ಕೇಳಲಾರೆವು.

ಹೋಗಬೇಕಾದ ಜಾಗ ದೂರವಿಲ್ಲ. ಮುಂಬಯಿಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಚರ್ಮ ಮತ್ತು ಗುಪ್ತರೋಗದ ವಿಭಾಗಗಳಿವೆ. ಸರಕಾರದ ಏಡ್ಸ್ ನಿಯಂತ್ರಣ ಸಂಸ್ಥೆಯ ‘ಸುರಕ್ಷಾ’ ಚಿಕಿತ್ಸಾಲಯಗಳು ಇಲ್ಲಿಯೂ ಇವೆ, ಕರ್ನಾಟಕದ ಸರಕಾರಿ ಆಸ್ಪತ್ರೆಗಳಲ್ಲಿಯೂ ಇವೆ, ಮದ್ದು ಉಚಿತ. ಕೇಸ್ ಪೇಪರು ಮಾಡಿಸಿಕೊಂಡು ಹೋಗಿ. ಪರೀಕ್ಷೆಗೆ ಒಂದೆರಡು ಗಂಟೆ ಮೊದಲಿನಿಂದ ಮೂತ್ರ ಮಾಡದೆ ಇರಿ. ಈ ರೋಗಕ್ಕೆ ಬೇಕಾದದ್ದು ಮೊದಲ ಧಾರೆಯ ಮೂತ್ರ. ರಕ್ತಪರೀಕ್ಷೆ, ಅಂದರೆ ಎಚ್.ಐ.ವಿ. ಮತ್ತು ಪರಂಗಿ ರೋಗದ್ದು, ಜೊತೆಯಲ್ಲೇ ಮಾಡಿಸಿ; ಮೂತ್ರನಾಳದಲ್ಲಿ ಕೀವಿದ್ದಾಗ ಎಚ್.ಐ.ವಿ. ಹತ್ತುವುದೂ ಹತ್ತಿಸುವುದೂ ಸುಲಭ. ಎಚ್.ಐ.ವಿ. ಇದೆಯೆಂದು ಕೆಲಸದಿಂದ ತೆಗೆಯುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಧಣಿಗೆ ಹೇಳಬೇಕಾದ ಹಂಗೂ ನಿಮಗಿಲ್ಲ. ಕಳೆದ ಎರಡು ಮೂರು ತಿಂಗಳಲ್ಲಿ ಯಾರ ಸಂಪರ್ಕವಾಗಿದೆಯೋ ಅವರಿಗೆಲ್ಲ ಚಿಕಿತ್ಸೆ ಆಗಬೇಕು. ಗಂಡ ಹೆಂಡತಿ ಒಟ್ಟೊಟ್ಟಿಗೆ ಮದ್ದು ತೆಗೆದುಕೊಂಡು, ಇಬ್ಬರ ಮದ್ದೂ ಮುಗಿದು, ವೈದ್ಯರು ಸರಿಯೆನ್ನುವ ತನಕ ಸೇರಬಾರದು. ಒಂದೇ ಸಲ ನುಂಗುವ ಗುಳಿಗೆಯಾದರೂ ಏಳು ದಿನ ಕಾಯಬೇಕು.

ಸಂಘವೂ ತನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕು. ಗಣೇಶೋತ್ಸವಕ್ಕೆ ವಂತಿಗೆ ಎತ್ತಿದ್ದೇವೆ, ಯಕ್ಷಗಾನ ಆಡಿಸಿದ್ದೇವೆ, ಕಣ್ಣಿನ ತಪಾಸಣೆಯ ಶಿಬಿರವನ್ನೂ ಮಾಡಿದ್ದೇವೆ. ಈ ವಿಷಯಕ್ಕೆ ಒಂದು ಸಂಜೆಯನ್ನು ಕೊಟ್ಟಿಲ್ಲ. ಕನ್ನಡ ಬಲ್ಲ ವೈದ್ಯರೊಬ್ಬರನ್ನು ತಿಂಗಳಿಗೊಮ್ಮೆ ಕೋಣೆಗೆ ಕರೆಸಬೇಕು, ಆಸ್ಪತ್ರೆಗೆ ಹೋಗಲು ಹಿಂಜರಿಯುವವನ ಜೊತೆ ಮರಾಠಿ ಬಲ್ಲ ಒಬ್ಬ ಸದಸ್ಯ ಹೋಗಬೇಕು ಎಂದು ನಾವು ಮುಂದಿನ ಸಭೆಯಲ್ಲಿ ಗೊತ್ತುವಳಿ ತರುವವರಿದ್ದೇವೆ. ಮುಖ ಸಿಂಡರಿಸುವವರು ಅಲ್ಲಿಯೇ ಎದ್ದುನಿಂತು ವಿರೋಧಿಸಲಿ.

ಆ ದೋಸೆಯವನನ್ನು ನಾವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಯಾಯಿತು, ಮದ್ದೂ ಆಯಿತು. ಹೆಂಡತಿಯನ್ನು ಕುಂದಾಪುರದಲ್ಲಿಯೇ ಸರಕಾರಿ ಆಸ್ಪತ್ರೆಗೆ ತೋರಿಸುವಂತೆ ವೈದ್ಯರು ಒಂದು ಚೀಟಿ ಬರೆದುಕೊಟ್ಟರು. ಮೆಟ್ಟಿಲಿಳಿಯುವಾಗ ಆತ ಕೇಳಿದ: “ಅವಳಿಗೆ ಹೇಗೆ ಹೇಳುವುದು?” ನಮಗೂ ಸುಲಭದ ಉತ್ತರ ತೋಚಲಿಲ್ಲ. ಫೋನಿನಲ್ಲಿ ಬೇಡ, ಎದುರು ಕುಳಿತು ಹೇಳು. ತಪ್ಪು ನನ್ನದು, ನಿನಗೂ ಬಂದಿರಬಹುದು, ಇಬ್ಬರೂ ಮದ್ದು ಮಾಡಿಸಿಕೊಳ್ಳೋಣ ಎನ್ನು. ಅವಳು ಸಿಟ್ಟಾದರೆ ಸಿಟ್ಟಾಗಲಿ, ಅವಳಿಗೆ ಆ ಹಕ್ಕಿದೆ ಎಂದೆವು. ತಮ್ಮನಿಗೆ ಫೋನು ಮಾಡುವ ಮಾತನ್ನು ಆತ ಮತ್ತೆ ಎತ್ತಲಿಲ್ಲ. ಧಣಿಯಿಂದ ಎಂಟು ದಿನದ ರಜೆ ಕೇಳಿದ್ದಾನೆ. ಬರುವ ಸೋಮವಾರದ ಮತ್ಸ್ಯಗಂಧಕ್ಕೆ ಟಿಕೆಟು ಆಗಿದೆ. ವೈದ್ಯರ ಚೀಟಿ ಅವನ ಅಂಗಿಯ ಕಿಸೆಯಲ್ಲಿದೆ.